ಬಿಗಿಯಪ್ಪನ ಇಂಜಿನ್, ದರ್ಜಿಯಕ್ಕನ ಮೇಜು

ಬೀದಿಯವರು ಅವನಿಗೆ ಬಿಗಿಯಪ್ಪ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅವನು ಮುಚ್ಚಿದ ಡಬ್ಬಿಯನ್ನು ತೆರೆಯಬೇಕಾದರೆ ಅವನೇ ಬರಬೇಕಿತ್ತು. ನಲ್ಲಿ ಸೋರುತ್ತದೆ ಎಂದು ಯಾರಾದರೂ ಕರೆದರೆ ಸೋರುವುದೂ ನಿಲ್ಲುತ್ತಿತ್ತು, ನೀರು ಬರುವುದೂ ನಿಲ್ಲುತ್ತಿತ್ತು. ಬಸ್ ಡಿಪೋದಲ್ಲಿ ಫಿಟ್ಟರ್ ಕೆಲಸ. ಬಸ್ಸಿನ ಚಕ್ರಗಳಿಗೆ ಆ ಕೈ ಹೇಳಿ ಮಾಡಿಸಿದ ಹಾಗಿತ್ತು. ಅವನು ಕೂರಿಸಿದ ಚಕ್ರ ಕಳಚಿ ಬಿದ್ದದ್ದನ್ನು ಕಂಡವರಿಲ್ಲ. ಪಂಕ್ಚರ್ ಆದಾಗ ನಟ್ಟು ಬಿಚ್ಚಲಾಗದೆ ದಾರಿಬದಿಯಲ್ಲಿ ಕೂತ ಡ್ರೈವರುಗಳು ಮಾತ್ರ ಅವನನ್ನು ಅವನ ತಂದೆ ತಾಯಿಯ ಸಮೇತ ನೆನೆಯುತ್ತಿದ್ದರು.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಎಲ್ಲರಿಗೂ ಅವಳು ದರ್ಜಿಯಕ್ಕ. ಮದುವೆಯಾದ ಹೊಸತರಲ್ಲಿ ಅವಳ ತಾಯಿ ನೋಡಲು ಬಂದಿದ್ದಾಗ, ಗಂಡ ಮುಚ್ಚಿಟ್ಟು ಹೋದ ಸಕ್ಕರೆ ಡಬ್ಬಿ ಬಾಯಿ ಬಿಡದೆ, ಹೆತ್ತವಳಿಗೇ ಸಪ್ಪೆ ಚಹಾ ಕೊಟ್ಟಿದ್ದಳು. ಅಳಿಯ ಜಿಪುಣ ಎಂದು ಆ ತಾಯಿ ಕೊನೆತನಕ ನಂಬಿಕೊಂಡಿದ್ದಳು.

ದರ್ಜಿಯಕ್ಕನ ಆಸ್ತಿ ಎಂದರೆ ಕಾಲಲ್ಲಿ ತುಳಿಯುವ ಮೆಷೀನು ಮತ್ತು ಬಟ್ಟೆ ಕತ್ತರಿಸುವ ಮೇಜು. ದಪ್ಪ ಹಲಗೆಯ ಅಗಲವಾದ ಮೇಜು, ಗೋಲಿ ಇಟ್ಟರೂ ಉರುಳದಷ್ಟು ಸಮ. ಅಷ್ಟು ಸಮವಾಗಿದ್ದದ್ದೇ ಅದಕ್ಕೆ ಮುಳುವಾಯಿತು.

ಅವಳ ತಂಗಿಯ ಗಂಡ, ಅಂದರೆ ಬಿಗಿಯಪ್ಪನ ಷಡ್ಡಕ, ಗಾಡಿಗಳ ಬಿಡಿಭಾಗದ ಅಂಗಡಿ ಇಟ್ಟಿದ್ದ. ಊರಾಚೆಯ ಪಾಳು ಮೈದಾನದಲ್ಲಿ ನಡೆಯುವ ಕಾರ್ ರೇಸಿನಲ್ಲಿ ಪ್ರತಿ ವರ್ಷ ಅವನದೇ ಗೆಲುವು. ಮನೆಗೆ ಬಂದಾಗಲೆಲ್ಲ ಅದೇ ಪುರಾಣ. ಕೇಳಿ ಕೇಳಿ ಬಿಗಿಯಪ್ಪನಿಗೆ ಹೊಟ್ಟೆ ಉರಿಯಿತು. ಒಂದು ಹಳೆಯ ಕಾರು ತಂದ, ಅದರ ಇಂಜಿನ್ ಇಳಿಸಿದ. ದೊಡ್ಡ ಪಿಸ್ಟನ್ ಹಾಕಿಸಿ, ಮೇಲೆ ಕೂರುವ ಹೆಡ್ಡನ್ನು ಕೂದಲೆಳೆಯಷ್ಟು ಕೆರೆಸಿ, ಒಳಗಿನ ಒತ್ತಡ ಏರುವ ಹಾಗೆ ಮಾಡಿ, ಮನೆಯಲ್ಲೇ ಜೋಡಿಸುತ್ತೇನೆಂದು ಹೊರಟ. ಧೂಳಿಲ್ಲದ, ಸಮವಾದ, ಗಟ್ಟಿಮುಟ್ಟಾದ ಜಾಗ ಮನೆಯಲ್ಲಿ ಒಂದೇ ಇತ್ತು. ಒಂದು ವಾರದ ಮಟ್ಟಿಗೆ ಅಷ್ಟೇ ಎಂದು ಇಂಜಿನ್ನನ್ನು ಮೇಜಿನ ಮೇಲೆ ಕೂರಿಸಿದ.

ವಾರ ಹೋಗಿ ತಿಂಗಳುಗಳಾದವು. ದರ್ಜಿಯಕ್ಕ ನೆಲದ ಮೇಲೆ ಮಂಡಿಯೂರಿ ಬಟ್ಟೆ ಕತ್ತರಿಸಿದಳು. ಮಂಡಿ ಊದಿಕೊಂಡಿತು. ಒಬ್ಬರ ಬಿಳಿ ಶರ್ಟಿನ ಬೆನ್ನಿಗೆ ಗ್ರೀಸ್ ಮೆತ್ತಿಕೊಂಡಾಗ, ಕಲೆ ಮುಚ್ಚಲು ಅಲ್ಲೊಂದು ಜೇಬು ಹಾಕಿ, ಈಗ ಹೀಗೇ ಹಾಕುವುದು ಎಂದು ಹೇಳಿ ಕಳಿಸಿದಳು. ಅವರು ಪಾಪ ನಂಬಿಕೊಂಡು ಹೋದರು.

ಬಿಗಿಯಪ್ಪ ಮೊದಲ ಸಲ ಹೆಡ್ಡಿನ ಬೋಲ್ಟುಗಳನ್ನು ಬಸ್ಸಿನ ಬೋಲ್ಟುಗಳಂತೆಯೇ ಬಿಗಿದ. ಸ್ಪ್ಯಾನರಿನ ಬಾಲಕ್ಕೆ ಉದ್ದ ಪೈಪು ಸಿಕ್ಕಿಸಿ, ಒಂದು ತುದಿಯಿಂದ ಶುರು ಮಾಡಿ ಸಾಲಾಗಿ ಇನ್ನೊಂದು ತುದಿಗೆ ಹೋದ. ಕಾರು ಬೀದಿಯ ತಿರುವು ದಾಟಲಿಲ್ಲ. ಹಿಂದಿನಿಂದ ಬಿಳಿ ಹೊಗೆ, ಒಳಗೆ ಎಣ್ಣೆಯೂ ನೀರೂ ಬೆರೆತು ಹಾಲು ಚಹಾದ ಬಣ್ಣ. ಹೆಡ್ಡಿನ ಅಡಿಯ ಗ್ಯಾಸ್ಕೆಟ್ ಹೋಗಿತ್ತು. ಇಂಜಿನ್ ಮತ್ತೆ ಮೇಜಿಗೆ ಬಂತು.

ಷಡ್ಡಕ ನಗುನಗುತ್ತ ಟಾರ್ಕ್ ರೆಂಚ್ ತಂದುಕೊಟ್ಟ. "ಅಣ್ಣ, ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಇದರ ಹಿಡಿ ತಿರುಗಿಸಿಟ್ಕೊಳಿ. ಟಕ್ ಅಂದ ಕೂಡಲೇ ಕೈ ಬಿಡಿ. ನಿಮ್ಮ ರೆಟ್ಟೆಗಿಂತ ಇದಕ್ಕೆ ಬುದ್ಧಿ ಜಾಸ್ತಿ."

ಬಿಗಿಯಪ್ಪ ಮುಖ ಗಂಟು ಹಾಕಿಕೊಂಡೇ ಅದನ್ನು ಹಿಡಿದ. ನೆಲದ ಮೇಲೆ ಕತ್ತರಿ ಆಡಿಸುತ್ತಿದ್ದ ಹೆಂಡತಿ ಕಿವಿಗೊಟ್ಟಳು. ಟಕ್. ಆಮೇಲೆ ಒಂದು ಮುಕ್ಕರಿಕೆ. ಮತ್ತೆ ಟಕ್, ಮತ್ತೆ ಮುಕ್ಕರಿಕೆ.

"ಟಕ್ ಅಂತಲ್ಲ, ಮತ್ಯಾಕೆ ಎಳೀತೀರಿ?"

"ಅದು ರೆಂಚಿನ ಸಮಾಧಾನಕ್ಕೆ. ಇದು ನನ್ನ ಸಮಾಧಾನಕ್ಕೆ."

ಆ ಸಮಾಧಾನದಲ್ಲೇ ಒಂದು ಬೋಲ್ಟು, ಹೆಡ್ಡಿನ ಕೆಳಗಿನ ಬ್ಲಾಕಿನೊಳಗೆ ತಾನು ಕಚ್ಚಿಕೊಳ್ಳುವ ತಿರುಪಿನ ಮರೆಯನ್ನು ಮೊಸರು ಕಡೆದ ಹಾಗೆ ಕಡೆದುಕೊಂಡು ಮೇಲೆ ಬಂತು. ಅಲ್ಯೂಮಿನಿಯಂ ಬ್ಲಾಕು, ಬಸ್ಸಿನ ಕಬ್ಬಿಣವಲ್ಲ. ಲೇತಿನವನ ಹತ್ತಿರ ಹೊಸ ಮರೆ ಕೂರಿಸಿ ತಂದದ್ದಾಯಿತು. ಇಂಜಿನ್ ಮತ್ತೆ ಮೇಜಿಗೆ ಬಂತು.

ಅಂದು ಊಟಕ್ಕೆ ಕೂತಾಗ ಬಿಗಿಯಪ್ಪ ಹೆಂಡತಿಗೆ ಧೈರ್ಯ ಹೇಳಿದ. "ಇದು ಹೋದ್ರೂ ಯೋಚನೆ ಮಾಡ್ಬೇಡ. ಗುಜರೀಲಿ ಇನ್ನೂ ಎರಡು ಇಂಜಿನ್ ನೋಡಿಟ್ಟಿದೀನಿ."

ದರ್ಜಿಯಕ್ಕನ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು. ರೇಸು ಯಾರು ಗೆದ್ದರೆ ಅವಳಿಗೇನು? ಈ ಇಂಜಿನ್ ಸರಿಯಾಗಿ ಕೂತು ಕಾರಿಗೆ ಹೋದರೆ ಮೇಜು ಸಿಗುತ್ತದೆ. ಇಲ್ಲವಾದರೆ ಜೀವಮಾನವೆಲ್ಲ ನೆಲ. ಗಂಡನಿಗೆ ಬುದ್ಧಿ ಹೇಳುವುದು ಅವಳಿಗೆ ಹೊಸದಲ್ಲ, ಅವನು ಕೇಳದಿರುವುದೂ ಹೊಸದಲ್ಲ. ತುತ್ತು ನುಂಗಿ, ರೇಸಿಗೆ ಹೋಗುವವರು ಒಳ್ಳೆಯ ಅಂಗಿ ಹಾಕಿಕೊಳ್ಳಬೇಡವೇ ಎಂದಳು.

ಬಿಗಿಯಪ್ಪನಿಗೆ ಉಡುಪಿನ ಹುಚ್ಚು ಬಹಳ. ಹಿಗ್ಗಿಹೋದ. ಅವಳು ಅಳತೆ ತೆಗೆದುಕೊಂಡದ್ದೂ ವಿಚಿತ್ರವಾಗಿಯೇ: ರೆಂಚ್ ಹಿಡಿದು, ಅವನೇ ಗುಜರಿಯಿಂದ ತಂದು ಮೂಲೆಗೆ ಹಾಕಿದ್ದ ಹಳೆಯ ಬ್ಲಾಕಿನ ಬೋಲ್ಟನ್ನು ಟಕ್ ಅನ್ನುವವರೆಗೆ ಎಳೆದು ಹಾಗೇ ನಿಲ್ಲಿ ಎಂದು, ಆ ಭಂಗಿಯಲ್ಲಿ ಬೆನ್ನಿಗೂ ತೋಳಿಗೂ ಟೇಪು ಸುತ್ತಿದಳು. ರೇಸಿನ ಅಂಗಿಗೆ ಹೀಗೇ ಅಳತೆ ಎಂದಳು. ಬೆನ್ನಿನ ಮೇಲೆ ಜೇಬು ಮಾರಿದವಳಿಗೆ ಇದೇನು ದೊಡ್ಡದು?

ನೀಲಿ ಅಂಗಿ, ಕೆಂಪು ಕಾಲರು. ಮಿಕ್ಕದ್ದೆಲ್ಲ ಗಟ್ಟಿ ಹೊಲಿಗೆ. ಎರಡೂ ಕಂಕುಳಲ್ಲಿ ಮಾತ್ರ ಬೆರಳಗಲ ಬಟ್ಟೆ ಒಳಗೆ ಹಿಡಿದು, ತೆಳ್ಳಗಿನ ದಾರದಲ್ಲಿ ಕಚ್ಚಾ ಹೊಲಿಗೆ. ಟಕ್ ಅನ್ನುವವರೆಗೆ ತಡೆಯಬೇಕು, ಅದರಾಚೆ ತಡೆಯಬಾರದು.

ರಜೆಯ ದಿನ ಬೆಳಿಗ್ಗೆ ಗಂಡನ ಮಿಕ್ಕ ಅಂಗಿಗಳನ್ನೆಲ್ಲ ಸೋಪಿನ ನೀರಿನಲ್ಲಿ ನೆನೆಹಾಕಿದಳು. ಬಟ್ಟೆ ಹಾಕಿ ನೋಡಲು ಬನ್ನಿ ಎಂದು ಅಕ್ಕಪಕ್ಕದ ಹೆಂಗಸರಿಗೆ ಹೇಳಿಕಳಿಸಿದಳು. ಅವರು ಸುತ್ತ ಕೂತ ಮೇಲೆ ಬರಿಮೈಯಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಬಿಗಿಯಪ್ಪ ಹೊಸ ಅಂಗಿ ತೊಟ್ಟು ಕನ್ನಡಿಯೆದುರು ಹಿಂದೆ ಮುಂದೆ ತಿರುಗಿ ನೋಡಿಕೊಂಡು ಬಂದ.

ಹೊಸ ಗ್ಯಾಸ್ಕೆಟ್ ಹಾಸಿ ಹೆಡ್ ಕೂರಿಸಿದ. ಬೋಲ್ಟಿನ ಮರೆಗಳನ್ನು ಒರೆಸಿ ಒಂದೊಂದು ತೊಟ್ಟು ಎಣ್ಣೆ ಮುಟ್ಟಿಸಿದ. ಆ ವಿಷಯದಲ್ಲಿ ಅವನು ಅಚ್ಚುಕಟ್ಟು. ಮತ್ತೆ ತುದಿಯ ಬೋಲ್ಟಿಗೆ ಕೈ ಹಾಕುವಷ್ಟರಲ್ಲಿ ದರ್ಜಿಯಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹೆಡ್ಡಿನ ಮೇಲೆ ಅಂಕಿ ಬರೆದಳು. ನಟ್ಟನಡುವಿನದು ಒಂದು, ಅದರೆದುರಿನದು ಎರಡು, ಹೀಗೆ ಆಚೆಗೊಂದು ಈಚೆಗೊಂದು, ಕೊನೆಗೆ ತುದಿಗಳು.

"ಇದೇನೇ, ನನ್ನ ಇಂಜಿನ್ನಿಗೂ ಲಂಗ ಹೊಲೀತೀಯಾ?"

"ಎರಡು ಪದರ ಬಟ್ಟೆಗೆ ಒಂದು ತುದಿಯಿಂದ ಪಿನ್ ಚುಚ್ಕೊಂಡು ಹೋದ್ರೆ ಇನ್ನೊಂದು ತುದೀಲಿ ಉಬ್ಬುತ್ತೆ. ನಡುವಿಂದ ಚುಚ್ಚಬೇಕು. ಮೊದಲು ಎಲ್ಲದಕ್ಕೂ ಅರ್ಧ, ಆಮೇಲೆ ಇನ್ನಷ್ಟು, ಕೊನೇಲಿ ಪೂರ್ತಿ. ನಿಮ್ಮ ಇಂಜಿನ್ನಿನ ಪುಸ್ತಕದಲ್ಲೂ ಹಾಗೇ ಚಿತ್ರ ಇದೆಯಲ್ಲ, ನೋಡಿಲ್ವಾ?"

ಹೆಂಗಸರು ಬಟ್ಟೆ ಮರೆತು ಇವನ ಮುಖ ನೋಡಿದರು. ನೋಡಿಲ್ಲ ಎಂದು ಅಷ್ಟು ಜನರೆದುರು ಒಪ್ಪಿಕೊಳ್ಳುವನೇ ಬಿಗಿಯಪ್ಪ? ಅಂಕಿಯ ಪ್ರಕಾರವೇ ಎರಡು ಸುತ್ತು ಮುಗಿಸಿದ. ಕೊನೆಯ ಸುತ್ತು ಶುರುವಾಯಿತು. ಒಂದನೆಯ ಬೋಲ್ಟು, ಟಕ್. ಅಭ್ಯಾಸದ ಮುಕ್ಕರಿಕೆ. ಅದರ ಹಿಂದೆಯೇ ಕಂಕುಳ ಹೊಲಿಗೆ ಪರ್ರ್.

ಒಬ್ಬಳು ಮುಖ ಮುಚ್ಚಿಕೊಂಡಳು. ದರ್ಜಿಯಕ್ಕ ಮಾತ್ರ ಸಾವಧಾನವಾಗಿ ಎದ್ದು, ಅಂಗಿ ಬಿಚ್ಚಿಸಿ, ಗಂಡನಿಗೆ ಹಾಸಿಗೆಯ ಹೊದಿಕೆ ಹೊದೆಸಿ ಕೂರಿಸಿದಳು. ಸೂಜಿಗೆ ದಾರ ಪೋಣಿಸುವುದಕ್ಕೇ ಅವಳಿಗೆ ಅಂದು ಯುಗ ಹಿಡಿಯಿತು. ಪುಕ್ಕ ಕಿತ್ತ ಕೋಳಿಯಂತೆ ಮೂಲೆಯಲ್ಲಿ ಕೂತವನಿಗೆ, "ನೂಲು ಎಳೆ ಎಳೆಯಾಗಿದೆ, ಹೆಚ್ಚು ಎಳೆದ್ರೆ ಮತ್ತೆ ಹೋಗುತ್ತೆ. ಅಂಗಿ ಹಾಕ್ಕೊಂಡ ಮೇಲೆ ಆ ಬೋಲ್ಟು ಸಡಿಲ ಮಾಡ್ಕೊಂಡು ಮತ್ತೆ ಬಿಗೀರಿ," ಎಂದಳು.

ಅಂಗಿ ತೊಟ್ಟು ಮತ್ತೆ ನಿಂತ. ಟಕ್. ಹಲ್ಲು ಕಚ್ಚಿ ಕೈ ತಡೆದ, ಕಣ್ಣು ಕಂಕುಳ ಕಡೆಗೆ ಓಡಿತು. ಉಸಿರು ಬಿಟ್ಟು ಎರಡನೆಯದಕ್ಕೆ ಹೋದ. ಕೊನೆಯ ಬೋಲ್ಟಿನವರೆಗೆ ಬರೀ ಟಕ್, ಟಕ್. ಮುಕ್ಕರಿಕೆ ಕೇಳಲಿಲ್ಲ.

ರೇಸಿನಲ್ಲಿ ಷಡ್ಡಕನೇ ಗೆದ್ದ. ಆದರೆ ಬಿಗಿಯಪ್ಪ ಅವನ ಬೆನ್ನಿಗಂಟಿಕೊಂಡೇ ಗೆರೆ ದಾಟಿದ. ಇಳಿದವನೇ ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ, ಜೇನಿನಂಥ ಎಣ್ಣೆ. ಹೊಗೆಯಿಲ್ಲ, ಸೋರಿಕೆಯಿಲ್ಲ. ಸಂತೋಷ ತಡೆಯಲಾಗದೆ ಎರಡೂ ಕೈ ಆಕಾಶಕ್ಕೆ ಎತ್ತಿದ. ಎರಡೂ ಕಂಕುಳು ಒಟ್ಟಿಗೇ ಬಾಯಿ ಬಿಟ್ಟವು.

"ಅಣ್ಣ, ಗಾಳಿ ಚೆನ್ನಾಗಿ ಆಡುತ್ತಲ್ಲ," ಎಂದ ಷಡ್ಡಕ. ಅಕ್ಕನ ಬಾಯಿಂದ ಎಲ್ಲ ಕೇಳಿದ್ದ ತಂಗಿ, ಕಾರಿನ ಹಿಂದೆ ಕುಕ್ಕರಿಸಿ ಕೂತು ಹೊಟ್ಟೆ ಹಿಡಿದುಕೊಂಡಳು.

ಮರುದಿನ ದರ್ಜಿಯಕ್ಕ ಮೇಜನ್ನು ಸೀಮೆಎಣ್ಣೆಯಿಂದ ಒರೆಸಿ, ಸೋಪಿನಿಂದ ತೊಳೆದು, ಒಣಗಿಸಿ, ಹೊಸ ಬಟ್ಟೆಯ ಥಾನು ಬಿಡಿಸಿದಳು. ಅಂಗೈಯಿಂದ ಸವರಿ ಸವರಿ ನೋಡಿದಳು. ನೆಟ್ಟಗೆ ನಿಂತು ಕತ್ತರಿ ಎತ್ತಿಕೊಂಡಳು.

ಕತ್ತರಿ ಬಾಯಿ ತೆರೆಯಲಿಲ್ಲ.

ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ಬಿಗಿಯಪ್ಪ ಅಲ್ಲಿಂದಲೇ ಕೂಗಿ ಹೇಳಿದ. "ನಿನ್ನ ಕತ್ತರಿ ತಿರುಪು ಲೊಡಲೊಡ ಅಂತಿತ್ತು ಕಣೇ. ಇಷ್ಟು ದಿನ ಮೇಜು ಬಿಟ್ಟುಕೊಟ್ಟಿದ್ದೀಯ, ನಾನೂ ಏನಾದ್ರೂ ಮಾಡ್ಬೇಡ್ವಾ? ಸರಿಯಾಗಿ ಬಿಗಿ ಮಾಡಿದೀನಿ."

ದರ್ಜಿಯಕ್ಕ ಕತ್ತರಿಯನ್ನು ಮೇಜಿನ ನಟ್ಟನಡುವೆ ಇಟ್ಟಳು. ಸೂಜಿ ಡಬ್ಬಿ ತೆಗೆದಳು.

"ಆ ನೀಲಿ ಅಂಗಿ ಎಲ್ಲಿದೆ ರೀ? ತನ್ನಿ, ಹೊಲಿದು ಕೊಡ್ತೀನಿ. ಅದನ್ನ ಹಾಕ್ಕೊಂಡೇ ಬಂದು ಇದನ್ನ ಬಿಚ್ಚಿ ಮತ್ತೆ ಬಿಗೀರಿ."