ಬಣ್ಣ ಕಾಣದ ಅಂಚು

ನನ್ನ ಅಕ್ಕ ಈಗ ಬಚ್ಚಲಿನ ಬಾಗಿಲು ಹಾಕಿಕೊಳ್ಳದೆ ಸ್ನಾನ ಮಾಡುತ್ತಾಳೆ. ಎಪ್ಪತ್ತು ದಾಟಿದ, ತಮ್ಮನ ಎದುರೂ ತಲೆಯ ಸೆರಗು ಜಾರಲು ಬಿಡದ ಹೆಂಗಸನ್ನು ಈ ಸ್ಥಿತಿಗೆ ತಂದವರು ನಮ್ಮ ಮನೆ ಕಟ್ಟಿಕೊಟ್ಟ ಕಾಂಟ್ರಾಕ್ಟರು.

ನಡೆದದ್ದು ಹೋದ ವಾರ. ಕಾಲುವೆಗೆ ನೀರು ಬಿಟ್ಟಿದ್ದರು, ಮೇಲೆ ಜಿಟಿಜಿಟಿ ಮಳೆ. ಸಿಂಧನೂರಿನಲ್ಲಿ ಗದ್ದೆಗೆ ಅಂಟಿಕೊಂಡ ಬಡಾವಣೆ ನಮ್ಮದು; ಗೋಡೆಗಳೂ ಬೆವರುತ್ತವೆ. ಸ್ನಾನ ಮುಗಿಸಿದ ಅಕ್ಕ ಚಿಲಕ ತೆಗೆದಳು. ಬಾಗಿಲು ಬರಲಿಲ್ಲ. ಹೊರಗಿನಿಂದ ನಾನು ದಬ್ಬಿದೆ. ಉಬ್ಬಿದ ಬಾಗಿಲು ಚೌಕಟ್ಟನ್ನು ಕಚ್ಚಿ ಹಿಡಿದಿತ್ತು.

ಪಕ್ಕದ ಮನೆಯ ಈರಣ್ಣ ಹಾರೆ ತಂದ.

“ಯಕ್ಕಾ, ಹಿಂದಕ ಸರೀರಿ. ಒಡೀತೀನಿ.”

“ಒಡೀಬ್ಯಾಡ. ಸೀರಿ ಹೊರಗ ಹಗ್ಗದ ಮ್ಯಾಲೈತಿ.”

“ಮತ್ತ ಸಂಜಿತನಾ ಅಲ್ಲೇ ಕುಂದರ್ತೀರೇನು?”

“ಕುಂದರ್ತೀನಿ. ನೀ ಮೊದಲ ಆ ಕಡಿ ಮಾರಿ ಮಾಡು.”

ಮೇಲಿನ ಹಲಗೆಯೊಂದನ್ನು ಅವನು ಸಡಿಲಿಸಿದ. ಮುಖ ತಿರುಗಿಸಿಕೊಂಡು ನಾನು ಸೀರೆಯನ್ನು ಒಳಗೆ ತೂರಿಸಿದೆ. ಆಮೇಲೆ ಬಾಗಿಲು ಮುರಿಯಿತು. ಅಷ್ಟರಲ್ಲಿ ಅರ್ಧ ಓಣಿ ನಮ್ಮ ಅಂಗಳದಲ್ಲಿತ್ತು. ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು.

ಮುರಿದ ಬಾಗಿಲನ್ನು ತಲೆಕೆಳಗು ಮಾಡಿ ನೋಡಿದೆ. ಎರಡೂ ಮುಖಕ್ಕೆ ಹೊಳೆಯುವ ನೀಲಿ ಬಣ್ಣ. ಕೆಳಗಿನ ಅಂಚಿಗೆ? ಬಣ್ಣವಿರಲಿ, ಪ್ರೈಮರ್ ಕೂಡ ಇಲ್ಲ. ಮರ ನೀರು ಕುಡಿಯುವುದೇ ಆ ಕೊಯ್ದ ತುದಿಯಿಂದ. ಬಾಗಿಲಿನ ಅಡ್ಡಪಟ್ಟಿಯ ತುದಿ ಪಕ್ಕದ ನಿಲುಪಟ್ಟಿಯ ತೂತಿನೊಳಗೆ ಪೂರ್ತಿ ಕೂರಬೇಕು. ಅರ್ಧಕ್ಕೇ ನಿಲ್ಲಿಸಿ ಮೊಳೆ ಜಡಿದಿದ್ದರು. ಒಣಗಿದ ಸಾಗವಾನಿ ಎಂದು ಮಾತು ಕೊಟ್ಟವರು ಕೂರಿಸಿದ್ದು ಯಾವುದೋ ಹಸಿ ಕಟ್ಟಿಗೆ. (ಬಾಗಿಲು ಉಜ್ಜುತ್ತಿದೆ ಎಂದು ಮೊದಲೇ ಹೇಳಿದ್ದೆ. “ಮೇಣ ತಿಕ್ಕ್ರಿ ಸರ್” ಎಂದಿದ್ದರು. ಮರೆತಿಲ್ಲ.)

ಕಾಂಟ್ರಾಕ್ಟರು ಬಂದರು. ಬಾಗಿಲನ್ನು ನೋಡಲಿಲ್ಲ, ಆಕಾಶವನ್ನು ನೋಡಿದರು.

“ಹವಾ ಸರಿ ಇಲ್ರೀ ಸರ್. ಕಾಲುವಿ ನೀರು ಬ್ಯಾರೆ ಬಿಟ್ಟಾರ. ಕಟಗಿ ಉಬ್ಬತೈತಿ, ನಾ ಏನ್ ಮಾಡ್ಲಿ?”

ಈ ಊರಿಗೆ ಕಾಲುವೆ ನಿನ್ನೆ ಬಂತೆ? ದಢೇಸುಗೂರಿನಿಂದ ಇಲ್ಲಿಯವರೆಗೆ ಭತ್ತ ಬೆಳೆಯುತ್ತಿರುವುದು ಯಾವ ನೀರಿನಿಂದ?

“ಈಗ ಪ್ಲಾಸ್ಟಿಕ್ ಬಾಗಲಾ ಬಂದಾವ್ರಿ. ಉಬ್ಬಂಗಿಲ್ಲ. ಹಾಕಿಸಿಬಿಡಾನು.”

ಪ್ಲಾಸ್ಟಿಕ್ ಉಬ್ಬುವುದಿಲ್ಲ, ಒಪ್ಪಿದೆ. ಆದರೆ ಅದನ್ನು ಕೂರಿಸುವ ಕೈ ಇದೇ ತಾನೆ? ಕಾಣದ ಕಡೆ ಎರಡು ತಿರುಪುಮೊಳೆ ಕಡಿಮೆ ಹಾಕುವ ಕೈ?

ಇದಿಷ್ಟನ್ನೂ ಸಹಿಸುತ್ತಿದ್ದೆನೇನೋ. ಹೊರಡುವಾಗ ಅವರು, ಒಳಗಿದ್ದ ಅಕ್ಕನಿಗೆ ಕೇಳುವಂತೆ ನಕ್ಕು ಹೇಳಿದರು:

“ವಯಸ್ಸಾದವರು ಇರೋ ಮನ್ಯಾಗ ಬಚ್ಚಲಕ್ಕ ಬಾಗಲಾ ಯಾಕ್ ಬೇಕ್ರೀ ಸರ್? ಪಡದಾ ಬಿಡ್ರಿ, ಸಾಕು.”

ಈರಣ್ಣ ಹೊಸ ಬಾಗಿಲು ಮಾಡಿಸಿಕೊಟ್ಟಿದ್ದಾನೆ. ಒಣಗಿದ ಮರ, ನಾಲ್ಕೂ ಅಂಚಿಗೆ ಬಣ್ಣ. ಅಕ್ಕ ಅದನ್ನು ಮುಟ್ಟುವುದಿಲ್ಲ. ಸ್ನಾನಕ್ಕೆ ಹೋಗುವ ಮುನ್ನ, “ನೀ ಅಂಗಳದಾಗ ಕುಂದ್ರಪಾ, ಯಾರನ್ನೂ ಬಿಡಬ್ಯಾಡ” ಎನ್ನುತ್ತಾಳೆ. ಮನೆಗೆ ಬೆನ್ನು ಹಾಕಿ ಕುಳಿತು ನಾನು ಕಾಯುತ್ತೇನೆ.

ಕಾಂಟ್ರಾಕ್ಟರೇ, ನಿಮ್ಮ ಮನೆಯಲ್ಲೂ ವಯಸ್ಸಾದ ತಾಯಿ ಇದ್ದಾರೆ. ಅವರ ಬಚ್ಚಲಿಗೆ ಬಿಟ್ಟಿರುವುದು ಬಾಗಿಲೊ, ಪರದೆಯೊ?