ದಲೇರನ ಮೂಗು

ಹೋದ ಶುಕ್ರವಾರ ನಮ್ಮೂರು ಬೊಖ್ತರಿನ ಪೇಟೆಯಲ್ಲಿ, ಪಕ್ಕದಿಂದ ಕಂಡ ಯುವಕನನ್ನು ತಂಗಿಯ ಮಗನೆಂದುಕೊಂಡು ಬೆನ್ನಿಗೊಂದು ಗುದ್ದಿ, ಸೋಮಾರಿ ಎಂದು ಬೈದೆ. ತಿರುಗಿದವನು ನಮ್ಮ ಕೇರಿಯವನೇ ಆದ ಹೊಸ ಪೊಲೀಸ್ ಅಧಿಕಾರಿ. ಮೂಗು ಮಾತ್ರ ತಂಗಿಯ ಮಗನದೇ.

ತಪ್ಪು ನನ್ನ ಕನ್ನಡಕದ್ದಲ್ಲ. ನಮ್ಮ ಕೇರಿಯಲ್ಲಿ ಹುಟ್ಟಿದ, ಮೂವತ್ತರೊಳಗಿನವರೆಲ್ಲರಿಗೂ ಒಂದೇ ಮೂಗು. ನೆಟ್ಟಗೆ ಇಳಿದು, ತುದಿಗೆ ಬಂದಾಗ ಏನೋ ನೆನಪಾದಂತೆ ಕೊಂಚ ನಿಲ್ಲುವಂಥದು. ಎಲ್ಲವನ್ನೂ ತಿದ್ದಿದವಳು ಸನೋಬರ್ ಬೀಬಿ. ಬಾಣಂತಿ ಇರುವ ಮನೆಗೆ ನಲವತ್ತು ದಿನ ಬಂದು, ಕುರಿಯ ಬಾಲದ ಕೊಬ್ಬನ್ನು ಬೆಚ್ಚಗೆ ಬೆರಳಿಗೆ ಸವರಿ ಕೂಸಿನ ಮೂಗಿನ ಎಳೆ ಎಲುಬನ್ನು ನೀವುತ್ತಾಳೆ. ನಲವತ್ತು ಕಳೆದರೆ ಎಲುಬು ಯಾರ ಮಾತನ್ನೂ ಕೇಳುವುದಿಲ್ಲ.

ಅದು ಅವಳ ಮಗ ದಲೇರನ ಮೂಗೆಂದು ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಅಂತರ್ಯುದ್ಧದ ವರ್ಷ ರೊಟ್ಟಿ ತರಲು ಹೋದವನು ಮರಳಲಿಲ್ಲ. ಮನೆ ಸುಟ್ಟಾಗ ಫೋಟೋಗಳೂ ಹೋದವು. ಈಗ ಅವಳ ಕಣ್ಣಿಗೂ ಪೊರೆ. ಮಗನ ಮುಖ ಉಳಿದಿರುವುದು ಬೆರಳುಗಳಲ್ಲಿ ಮಾತ್ರ. ಸಂಜೆ ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ ಒಬ್ಬನೇ ಹುಡುಗ ಹತ್ತು ಗೋಡೆಗಳ ಹಿಂದಿನಿಂದ ಇಣುಕಿದಂತಾಗುತ್ತದೆ. ನಾನು ಧೈರ್ಯಸ್ಥ, ಆದ್ದರಿಂದ ಬೇಗನೆ ಬಾಗಿಲು ಹಾಕಿಕೊಳ್ಳುತ್ತೇನೆ.

ಈ ವಸಂತದಲ್ಲಿ ನನಗೆ ಮೊಮ್ಮಗಳು ಹುಟ್ಟಿದಳು. ಮೂಗು ನನ್ನ ಬೀಗರದು, ಕಡುಬಿನಂತೆ. ಒತ್ತಕೂಡದೆಂದು ಡಾಕ್ಟರು ಹೇಳಿದ್ದರಿಂದ ಸೊಸೆ ಮುನೀರಾ, ಬರಬೇಡಿ ಎಂದು ಬೀಬಿಗೆ ಹೇಳಿದ್ದಳು. ಮೂವತ್ತೊಂಬತ್ತನೆಯ ದಿನ ಬೀಬಿ ಕರೆಯದೆಯೇ ಬಂದಳು. ಬೆರಳಿಗೆ ಆಗಲೇ ಕೊಬ್ಬು ಸವರಿಕೊಂಡಿದ್ದಳು.

"ಒಂದೇ ಸಲ ಕೊಡು ತಾಯಿ. ಬೆರಳು ಮರೀತಾ ಇವೆ."

ನಮ್ಮಪ್ಪನ ಮೂಗಿಗೇನಾಗಿದೆ ಎನ್ನಹೊರಟ ಮುನೀರಾ, ಮುದುಕಿಯ ಮುಖ ನೋಡಿ ಮೆತ್ತಗಾದಳು.

"ಒತ್ತಬೇಡಿ ಬೀಬಿ. ಮುಟ್ಟಿ, ಅಷ್ಟೇ."

ಬೀಬಿಯ ಬೆರಳು ಹುಬ್ಬುಗಳ ನಡುವಿನಿಂದ ಇಳಿಯಿತು, ತಡವರಿಸಿತು, ಮತ್ತೆ ಮೇಲಕ್ಕೆ ಹೋಗಿ ಇಳಿಯಿತು. ಮೂರನೆಯ ಸಲ ಮೂಗಿನ ತುದಿಗೆ ಬಂದು, ಮುಂದೆ ಎಲ್ಲಿಗೆಂದು ತಿಳಿಯದೆ ಗಾಳಿಯಲ್ಲೇ ಉಳಿಯಿತು. ಕೂಸು ಸೀನಿತು.

"ಸಿಗ್ತಿಲ್ಲ" ಎಂದು ಬೀಬಿ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ನನಗೆ ಬಾರದ ವಿದ್ಯೆ. ಕಣ್ಣು ಕಾಣದು, ಬೆರಳೂ ಮರೆಯಿತು, ಊರ ತುಂಬ ಅದೇ ಮೂಗು. ನಾಳೆ ದಲೇರ್ ಬಂದರೆ ಹೇಗೆ ಗುರುತು ಹಿಡಿಯುತ್ತೀರಿ ಎಂದು ಕೇಳಿಬಿಟ್ಟೆ.

ಬೀಬಿ ಬೆರಳಿನ ಕೊಬ್ಬನ್ನು ಸೆರಗಿಗೆ ಒರೆಸಿಕೊಂಡಳು.

"ಬೂಟು ಬಿಚ್ಚದೆ ಜಮಖಾನ ತುಳಿಯೋನು ಅವನೊಬ್ಬನೇ."