ಟೇಪು ಹಿಡಿದು ಖರೀದಿಸಿದ ಸೈಕಲ್ಲು

ಶಿರಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೈಲರ್ ಅಕ್ಕ, ಯಾರು ಎಷ್ಟೇ ಅವಸರ ಮಾಡಿದರೂ "ಮೊದ್ಲು ಅಳತೆ, ಆಮೇಲೆ ಮಾತು" ಅನ್ನುತ್ತಿದ್ದರು. ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಾಗ ಅವರಿಗೆ ಸೈಕಲ್ಲೇ ಇರಲಿಲ್ಲ. ಆನ್‌ಲೈನಿನಲ್ಲಿ ಅಗ್ಗದ್ದೊಂದಿತ್ತು, ಆದರೆ ಹತ್ತಿ ನೋಡುವಂತಿರಲಿಲ್ಲ. ಹೊಂದದಿದ್ದರೆ ಇನ್ನೊಂದು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಊರಿನ ಸೈಕಲ್ ಅಂಗಡಿಗೆ ನಾನೂ ಜೊತೆಗೆ ಹೋದೆ. ತಮ್ಮ ಕಾಲು, ತೋಳು ಅಳೆದುಕೊಂಡು, ಸಾಲಾಗಿ ನಿಂತ ಸೈಕಲ್ಲುಗಳಿಗೆಲ್ಲ ಟೇಪು ಹಿಡಿದರು.

"ಏನಮ್ಮ, ಸೈಕಲ್‌ಗೂ ಬ್ಲೌಸ್ ಹೊಲೀತೀಯಾ?" ಎಂದು ಅಂಗಡಿಯ ಸಾಹೇಬರು ನಕ್ಕರು.

"ಅದಂಗಿರ್ಲಿ ಸಾಬ್ರೇ, ಇದರ ಸೀಟು ಒಂದು ಬೆರಳು ಇಳಿಸಿ."

ಮೂಲೆಯಲ್ಲಿದ್ದ ಮಾಮೂಲಿ ರೇಸ್ ಸೈಕಲ್ಲೇ ಒಪ್ಪಿತು. ಮೊಣಕೈ ಊರಿ, ಬಗ್ಗಿ ತುಳಿಯಲು ಬೇಕಾದ ಕಂಬಿಯನ್ನು ಮಾತ್ರ ಆನ್‌ಲೈನಿನಲ್ಲಿ ತರಿಸಿ, ಸಾಹೇಬರಿಂದಲೇ ಹ್ಯಾಂಡಲ್‌ಗೆ ಕೂರಿಸಿಕೊಂಡರು.

ಅಭ್ಯಾಸದಲ್ಲಿ ಅವರು ಮೊದಲ ಸಲ ಹ್ಯಾಂಡಲ್ ಬಿಟ್ಟು ಆ ಕಂಬಿಯ ಮೇಲೆ ಮೊಣಕೈ ಊರಿದಾಗ, ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದ ನಾನು ವೇಗ ತಗ್ಗಿಸಿದೆ. ಎದುರಿಗೆ ಲಾರಿ ಬಂತು. ಅವರು ಅಲುಗಲಿಲ್ಲ. ಗೆರೆ ಎಳೆದ ಹಾಗೆ ರಸ್ತೆಯ ಅಂಚಿನಲ್ಲೇ ಹೋದರು.

ಅಂಗಡಿಯ ಮುಂದೆ ಹಾದಾಗ ಸಾಹೇಬರು ಬೀದಿಗೇ ಇಳಿದು, ಪಂಕ್ಚರ್ ಹಾಕಿಸಲು ನಿಂತವರಿಗೆಲ್ಲ ಕೂಗಿ ಹೇಳಿದರು: "ನೋಡ್ರೋ, ನಮ್ಮ ಅಂಗಡಿ ಸೈಕಲ್ಲು! ನಮ್ಮೂರ ಹೆಣ್ಮಗಳು ಕಣ್ರೋ!"